ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆಗುತ್ತೆ, ಫಾರ್ಮ್ಯಾಟ್ ಮಾಡಿಸಲಾ?

ಮಳೆಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಫೋನಿನಲ್ಲಿ ಬರುತ್ತದೆ. ಕೊಡಗಿನ ಸಿದ್ದಾಪುರ, ನಾಪೋಕ್ಲು, ಸೋಮವಾರಪೇಟೆ, ಯಾವ ಕಡೆಯವರಾದರೂ ಕೇಳುವುದು ಒಂದೇ: "ಅಣ್ಣ, ಕೆಲಸ ಮಾಡ್ತಾ ಇರುವಾಗ್ಲೇ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತೆ. ಫಾರ್ಮ್ಯಾಟ್ ಮಾಡಿಸಿದ್ರೆ ಸರಿ ಹೋಗುತ್ತಾ?"

ಬೇಡ. ಸದ್ಯಕ್ಕಂತೂ ಬೇಡ. ತೋಟದ ಲೆಕ್ಕ, ಮಕ್ಕಳ ಫೋಟೋ ಎಲ್ಲ ಅಳಿಸಿಹೋಗುವ ಭಯ ಒಂದು ಕಡೆ. ತೊಂದರೆ ವಿಂಡೋಸ್‌ನಲ್ಲಿ ಇಲ್ಲದೇ ಇದ್ದರೆ ದುಡ್ಡು ಕೊಟ್ಟು ಬಂದ ಮೇಲೂ ಅದೇ ಕತೆ. ಅದಕ್ಕೇ ನಾನು ತಿರುಗಿ ಕೇಳುತ್ತೇನೆ: ನಿಲ್ಲುವಾಗ ಹೇಗೆ ನಿಲ್ಲುತ್ತದೆ? ಪ್ಲಗ್ ಕಿತ್ತ ಹಾಗೆ ತಟಕ್ಕನೆ ಕತ್ತಲಾಗುತ್ತದೋ, ಇಲ್ಲಾ ನೀಲಿ ಪರದೆ ಬಂದು ಏನೋ ಅಕ್ಷರ ಕಾಣಿಸಿ ಹೋಗುತ್ತದೋ? ಹೊಸ ವಿಂಡೋಸ್ 11ರಲ್ಲಿ ಆ ಪರದೆ ಕಪ್ಪಾಗಿಯೇ ಬರುತ್ತದೆ, ಆದರೆ ಅಕ್ಷರ ಇರುತ್ತದೆ. ಅಕ್ಷರ ಬಂದರೆ ವಿಂಡೋಸ್ ಏನೋ ಎಡವಟ್ಟು ಕಂಡು ತಾನೇ ನಿಲ್ಲಿಸಿದೆ ಎಂದರ್ಥ. ಏನೂ ಬರದೇ ಹೋದರೆ ಮೊದಲ ಅನುಮಾನ ಕರೆಂಟಿನ ಮೇಲೆ.

"ನಾನು ನೋಡ್ಲೇ ಇಲ್ವಲ್ಲ" ಅನ್ನುವವರು ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಎಂದು ಹುಡುಕಿ, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ತೆರೆಯಿರಿ. ಅಲ್ಲಿ ಕೆಂಪು ಗುರುತಿನ ಕರ್ನಲ್-ಪವರ್ 41 ಕಾಣಿಸುತ್ತದೆ. ಇದನ್ನು ನೋಡಿ, ಹೆಸರಿನಲ್ಲಿ ಪವರ್ ಇದೆಯಲ್ಲ ಎಂದು, ಕಂಪ್ಯೂಟರಿನ ಒಳಭಾಗಗಳಿಗೆ ಕರೆಂಟು ಕೊಡುವ ಹೊಸ ಎಸ್‌ಎಂಪಿಎಸ್ ಕೊಂಡವರೂ ಇದ್ದಾರೆ. ಆದರೆ ಆ ಸಾಲು ಹೇಳುವುದು "ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ" ಅಂತ ಮಾತ್ರ. ನೀವೇ ಪ್ಲಗ್ ಕಿತ್ತರೂ ಅದೇ ಬರುತ್ತದೆ. ಅದರ ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್ ನೋಡಿ. ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆ ಬಂದು ಹೋಗಿದೆ. ಸೊನ್ನೆ ಇದ್ದರೆ ಕಾರಣ ಬರೆಯಲು ವಿಂಡೋಸ್‌ಗೆ ಸಮಯವೇ ಸಿಕ್ಕಿಲ್ಲ. ಒಂದೋ ಕರೆಂಟು ಹೋಗಿದೆ, ಇಲ್ಲಾ ಯಂತ್ರ ಪೂರ್ತಿ ಸ್ತಬ್ಧವಾಗಿದೆ.

ನಮ್ಮ ಕಡೆ ನಾನು ಜಾಸ್ತಿ ನೋಡಿರುವುದು ಸೊನ್ನೆಯನ್ನೇ. ತೋಟದ ನಡುವೆ ಹಾದುಹೋಗುವ ಉದ್ದುದ್ದ ಲೈನು, ಗಾಳಿಗೆ ತಾಗುವ ಕೊಂಬೆ, ಲೈನಿನ ಕಟ್ಟಕಡೆಗೆ ಇರುವ ಮನೆ. ಪಕ್ಕದವರು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಹಾಕಿದರೆ ನಮ್ಮ ಬಲ್ಬು ಮಂಕಾಗುತ್ತದೆ, ಅಲ್ವಾ? ಅಂಥ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಏರುಪೇರು ಫ್ಯಾನಿಗೆ ಗೊತ್ತೂ ಆಗುವುದಿಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆದುಕೊಳ್ಳುವುದು ಒಂದು ಸೆಕೆಂಡಿನ ಐವತ್ತು-ಅರವತ್ತರಲ್ಲಿ ಒಂದು ಭಾಗದಷ್ಟು ಮಾತ್ರ.

"ಇನ್ವರ್ಟರ್ ಇದೆಯಲ್ಲ" ಅನ್ನುತ್ತಾರೆ. ಇದೆ ಸರಿ, ಯಾವ ಮೋಡ್‌ನಲ್ಲಿದೆ? ಬಹಳಷ್ಟು ಮನೆ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್‌ಗೆ ಹಾಕುವ ಸಣ್ಣ ಸ್ವಿಚ್ಚು ಇರುತ್ತದೆ. ಅದು ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗುವುದು ನಿಧಾನ. ಲೈಟು ಒಮ್ಮೆ ಮಿಣುಕಿ ಉರಿಯುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿದ್ದಷ್ಟಕ್ಕೇ ಸರಿಹೋದ ಮನೆಗಳಿವೆ. ಆದರೆ ವೋಲ್ಟೇಜ್ ಸದಾ ಕಡಿಮೆ ಇರುವ ಕಡೆ ಇದರಿಂದ ಇನ್ವರ್ಟರ್ ಪದೇಪದೇ ಬ್ಯಾಟರಿಗೆ ಹೋಗುತ್ತದೆ. ಅಂಥ ಮನೆಗೆ ಕಂಪ್ಯೂಟರಿಗೊಂದು ಬೇರೆ ಚಿಕ್ಕ ಯುಪಿಎಸ್ ಇಡುವುದೇ ಒಳ್ಳೇದು. ಯುಪಿಎಸ್ ಇದ್ದೂ ಹೀಗಾಗುತ್ತಿದ್ದರೆ ಕಂಪ್ಯೂಟರ್ ತೆಗೆದು ಅದಕ್ಕೊಂದು ಟೇಬಲ್ ಲ್ಯಾಂಪ್ ಹಾಕಿ, ಗೋಡೆಯ ಸ್ವಿಚ್ ಆರಿಸಿ. ಲ್ಯಾಂಪೂ ಆರಿದರೆ ಬ್ಯಾಟರಿ ಮುಗಿದಿದೆ. ಕೆಲವು ವರ್ಷಕ್ಕೆ ಬ್ಯಾಟರಿ ಸಾಯುವುದು ಮಾಮೂಲಿ. ಪೆಟ್ಟಿಗೆ ಮಾತ್ರ ಹಸಿರು ದೀಪ ಹೊತ್ತಿಸಿಕೊಂಡು ಸುಮ್ನೆ ಕೂತಿರುತ್ತದೆ.

ಒಳ್ಳೆ ಬ್ಯಾಟರಿಯ ಲ್ಯಾಪ್‌ಟಾಪ್ ಆದರೆ ಇದ್ಯಾವುದೂ ಲೆಕ್ಕಕ್ಕಿಲ್ಲ.

ಆಮೇಲೆ ಬಿಸಿ. ಕೊಡಗಿನ ಚಳಿಯಲ್ಲಿ ಎಂಥ ಬಿಸಿ ಅಂತ ನಗಬೇಡಿ. ಹೊರಗೆ ಚಳಿ ಇದ್ದರೂ ಒಳಗಿನ ಫ್ಯಾನಿಗೆ ಗಾಳಿ ಸಿಗಬೇಕಲ್ಲ? ಪ್ಲಗ್ ಪೂರ್ತಿ ತೆಗೆದು ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ. ಪ್ರೊಸೆಸರ್ ಮೇಲಿನ ಫ್ಯಾನು ಮತ್ತು ಬಿಸಿ ಹೀರುವ ಲೋಹದ ಹೀಟ್ ಸಿಂಕ್ ಮಧ್ಯೆ ಧೂಳು, ಒಲೆಯ ಮಸಿ, ನಾಯಿಯ ಕೂದಲು ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಬ್ರಶ್ಶಿನಿಂದ ಮೆಲ್ಲಗೆ ತೆಗೆಯಿರಿ, ಫ್ಯಾನು ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳಿ. ಬಿಸಿಯ ತೊಂದರೆಯಾದರೆ ಆಟ, ವಿಡಿಯೋ ಎಡಿಟಿಂಗ್‌ನಂಥ ಭಾರದ ಕೆಲಸದಲ್ಲೇ ಜಾಸ್ತಿ ಕಾಣಿಸುತ್ತದೆ, ಅದಕ್ಕೂ ಮೊದಲು ಯಂತ್ರ ನಿಧಾನವಾಗಿರುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳು ಶಾಕ್ ಹೊಡೆಯುತ್ತವೆ.

ಮುಚ್ಚಳ ತೆರೆದಿರುವಾಗಲೇ, ಕಂಪ್ಯೂಟರಿನ ಮೆಮೊರಿ ಪಟ್ಟಿಯಾದ ರ್‍ಯಾಮ್ ನೋಡಿ. ಬೆಲ್ಟು, ಚಪ್ಪಲಿಗೆಲ್ಲ ಬೂಷ್ಟು ಹಿಡಿಯುವ ಊರು ನಮ್ಮದು. ಆ ತೇವ ರ್‍ಯಾಮ್‌ನ ಚಿನ್ನದ ಬಣ್ಣದ ಅಂಚನ್ನೂ ಬಿಡುವುದಿಲ್ಲ. ತೆಗೆದು, ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, 'ಟಕ್' ಅನ್ನುವವರೆಗೆ ಒತ್ತಿ ಕೂರಿಸಿ. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಒಂದೊಂದು ದಿನ ಓಡಿಸಿ. ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್ ಎಂಬ ಪರೀಕ್ಷೆ ವಿಂಡೋಸ್ ಒಳಗೇ ಇದೆ. ರಾತ್ರಿ ಅದನ್ನು ಹಾಕಿ ಮಲಗಿ. ಮಳೆ, ಗಾಳಿ ಇಲ್ಲದ ರಾತ್ರಿ ನೋಡಿಕೊಳ್ಳಿ.

ನೀಲಿ ಪರದೆಯೇ ಬರುತ್ತಿದ್ದರೆ ಅದನ್ನು ನಿಲ್ಲಿಸಿ ಓದಬೇಕು. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ಒಳಗೆ ಆಟೊಮ್ಯಾಟಿಕಲಿ ರೀಸ್ಟಾರ್ಟ್ ಎಂಬ ಟಿಕ್ ತೆಗೆಯಿರಿ. ಮುಂದಿನ ಸಲ ಬಂದಾಗ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಇತ್ತೀಚೆಗೆ ಹೊಸ ಪ್ರಿಂಟರ್ ಹಾಕಿದ್ದರೆ, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿದ್ದರೆ ಅದನ್ನು ತೆಗೆದು ನೋಡಿ. ಇಷ್ಟಾದರೂ ನಿಲ್ಲದೆ, ರ್‍ಯಾಮ್, ಡಿಸ್ಕ್ ಎರಡೂ ಚೆನ್ನಾಗಿವೆ ಎಂದು ಗೊತ್ತಾದ ಮೇಲೆ ಬೇಕಾದರೆ ಫಾರ್ಮ್ಯಾಟ್ ಮಾಡಿಸಿ. ಫೈಲುಗಳ ಕಾಪಿಯನ್ನು ಮಾತ್ರ ಇವತ್ತೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಕುಶಾಲನಗರಕ್ಕೋ ಗೋಣಿಕೊಪ್ಪಕ್ಕೋ ರಿಪೇರಿಗೆ ಒಯ್ಯುವುದಾದರೆ ಆ ಫೋಟೋ ತೋರಿಸಿ. ಪವರ್ ಕೇಬಲನ್ನೂ ಜೊತೆಗೆ ಒಯ್ಯಿರಿ. ಇಲ್ಲದಿದ್ದರೆ ಅಂಗಡಿಯವರು ತಮ್ಮ ಕೇಬಲ್ ಹಾಕಿ ಇಡೀ ದಿನ ಓಡಿಸಿ "ಏನೂ ತೊಂದರೆ ಇಲ್ಲ" ಎಂದು ವಾಪಸ್ ಕೊಡುತ್ತಾರೆ. ಸಡಿಲವಾಗಿದ್ದ ನಿಮ್ಮ ಕೇಬಲ್ ಮನೆಯಲ್ಲೇ ಇರುತ್ತದೆ.