ಇಆರ್‌ಸಿಪಿ ಆದ ರಾತ್ರಿಯ ಹೊಟ್ಟೆನೋವು

ಅವ್ವನ ಕಣ್ಣು ಹಳದಿಯಾಗಿ ಮೈತುಂಬ ತುರಿಕೆ ಎದ್ದಾಗ, ಆಳಂದ ತಾಲ್ಲೂಕಿನ ನಮ್ಮ ಊರಿನಲ್ಲಿ ಎಲ್ಲರೂ ಕಾಮಣಿ ಎಂದರು, ಎರಡು ವಾರ ನಾಟಿ ಔಷಧದಲ್ಲೇ ಕಳೆದುಹೋಯಿತು. ಕಲಬುರಗಿಯಲ್ಲಿ ಸ್ಕ್ಯಾನ್ ಮಾಡಿಸಿದ ಮೇಲೆ ನಿಜವಾದ ಕಾರಣ ತಿಳಿಯಿತು: ಪಿತ್ತಕೋಶದ ಹರಳೊಂದು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ಇಆರ್‌ಸಿಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ (ಎಂಡೋಸ್ಕೋಪ್) ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ, ಮಾಡಿ ಅದನ್ನು ತೆಗೆಯಬೇಕೆಂದು ವೈದ್ಯರು ಹೇಳಿದರು.

ಬಾಯಿಯ ಮೂಲಕ ಇಳಿಸಿದ ಎಂಡೋಸ್ಕೋಪ್ ಜಠರವನ್ನು ದಾಟಿ ಸಣ್ಣ ಕರುಳಿನ ಆರಂಭದ ಭಾಗವನ್ನು ತಲುಪುತ್ತದೆ. ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಅಲ್ಲಿ ಸಾಮಾನ್ಯವಾಗಿ ಒಂದೇ ಸಣ್ಣ ದ್ವಾರದಲ್ಲಿ ಬಂದು ತೆರೆದುಕೊಳ್ಳುತ್ತವೆ. ಈ ಚಿಕಿತ್ಸೆಯ ಮುಖ್ಯ ಅಪಾಯ ಹುಟ್ಟುವುದೂ ಈ ನೆರೆಹೊರೆಯಿಂದಲೇ. ಪಿತ್ತನಾಳವನ್ನು ಹುಡುಕುವ ತಂತಿ ಪಕ್ಕದ ನಾಳಕ್ಕೆ ಹೋದರೆ, ಎಕ್ಸ್-ರೇಯಲ್ಲಿ ನಾಳ ಕಾಣಲೆಂದು ಬಿಡುವ ದ್ರವ ಅಲ್ಲಿ ತುಂಬಿಕೊಂಡರೆ, ಅಥವಾ ಪದೇ ಪದೇ ಪ್ರಯತ್ನಿಸಿದ್ದರಿಂದ ದ್ವಾರ ಬಾತುಕೊಂಡರೆ, ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಒಳಗಾಗಬಹುದು. ಪ್ಯಾಂಕ್ರಿಯಾಟೈಟಿಸ್ ಎನ್ನುವ ಈ ತೊಂದರೆ ನೂರು ಜನರಲ್ಲಿ ಸುಮಾರು 3ರಿಂದ 10 ಜನರಿಗೆ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಅದು ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಕೆಲವರಲ್ಲಿ ಮಾತ್ರ ಜೀವಕ್ಕೇ ಎರವಾಗುತ್ತದೆ.

ಇದಾವುದನ್ನೂ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಪತ್ರದ ಮೇಲೆ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು, ಕೆಳಗೆ ನನ್ನ ಸಹಿ ಪಡೆದರು. "ಸಣ್ಣ ಪ್ರೊಸೀಜರ್, ಸಂಜೆಗೆ ಮನೆಗೆ ಹೋಗಬಹುದು" ಎಂಬ ಮಾತನ್ನೇ ನಂಬಿ ನಾನು ಊರಿಗೆ ಫೋನ್ ಕೂಡ ಮಾಡಿದ್ದೆ.

ಹರಳು ಹೊರಬಂದು, ಪಿತ್ತ ಹರಿಯಲೆಂದು ನಾಳದಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಕೂರಿಸಿದ ಮೇಲೆ ಐದಾರು ಗಂಟೆಯೊಳಗೆ ಅವ್ವ ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು ಮಗ್ಗುಲಾದಳು. "ಹೊಟ್ಟ್ಯಾಗ ಕೆಂಡ ಇಟ್ಟಂಗ ಆಗ್ಯದ, ಬೆನ್ನಿಗಿ ಹೊಡಿಲಾಕತ್ತದ" ಎಂದಳು. ನಾನು ಗ್ಯಾಸ್ ಇರಬೇಕೆಂದುಕೊಂಡು ಥರ್ಮಾಸಿನಲ್ಲಿದ್ದ ಅಜವಾನದ ನೀರನ್ನು ಲೋಟಕ್ಕೆ ಸುರಿದೆ. ರಾತ್ರಿ ಪಾಳಿಯ ನರ್ಸ್ ಅಕ್ಕ ಆ ಲೋಟವನ್ನು ಕೈಯಿಂದ ಕಿತ್ತುಕೊಂಡು, ಬಾಯಿಗೆ ಏನನ್ನೂ ಕೊಡಬಾರದೆಂದು ಹೇಳಿ, ವೈದ್ಯರನ್ನು ಕರೆಸಿದರು. ರಕ್ತದಲ್ಲಿ ಮೇದೋಜೀರಕ ಗ್ರಂಥಿಯ ಕಿಣ್ವಗಳಾದ ಅಮೈಲೇಸ್ ಮತ್ತು ಲೈಪೇಸ್ ಮಟ್ಟ ಮಿತಿಗಿಂತ ಹಲವು ಪಟ್ಟು ಏರಿತ್ತು. ಆ ಸಂಜೆಯೇ ನಾವು ಬಸ್ಸು ಹತ್ತಿದ್ದರೆ ಅವ್ವ ದಾರಿಯಲ್ಲೇ ಒದ್ದಾಡುತ್ತಿದ್ದಳು. ಉಪವಾಸ, ಸಲೈನ್, ನೋವಿನ ಇಂಜೆಕ್ಷನ್ನುಗಳಲ್ಲಿ ಆರು ದಿನ ಕಳೆದ ಮೇಲೆ ಅವಳು ಗಂಜಿ ಕುಡಿದಳು.

ಈ ಅಪಾಯವನ್ನು ಕಡಿಮೆ ಮಾಡುವ ಉಪಾಯಗಳಿವೆ ಎಂಬುದು ನನಗೆ ಆಮೇಲೆ ತಿಳಿಯಿತು. ಇಂಡೊಮೆಥಾಸಿನ್ ಅಥವಾ ಡೈಕ್ಲೊಫೆನಾಕ್ 100 ಮಿಲಿಗ್ರಾಂ ಔಷಧವನ್ನು ಗುದದ್ವಾರದ ಮೂಲಕ ಇಡುವುದು, ಸಾಕಷ್ಟು ಸಲೈನ್ ಕೊಡುವುದು, ಅಪಾಯ ಹೆಚ್ಚಿರುವವರಿಗೆ ಮೇದೋಜೀರಕ ನಾಳದಲ್ಲೂ ಚಿಕ್ಕ ಸ್ಟೆಂಟ್ ಇಡುವುದು ಇಂದು ರೂಢಿಯಲ್ಲಿವೆ. ಮೊದಲೇ ಗೊತ್ತಿದ್ದಿದ್ದರೆ ಖಂಡಿತ ಕೇಳುತ್ತಿದ್ದೆ.

ಬೇರೆ ಅಪಾಯಗಳೂ ಇವೆ. ಹರಳು ತೆಗೆಯಲು ನಾಳದ ದ್ವಾರವನ್ನು ಕೊಯ್ದು ಅಗಲಿಸುವುದರಿಂದ ರಕ್ತಸ್ರಾವವಾಗಬಹುದು, ಅದು ಮನೆಗೆ ಬಂದು ಹಲವು ದಿನಗಳಾದ ಮೇಲೂ ಡಾಂಬರಿನಂಥ ಕಪ್ಪು ಮಲವಾಗಿ ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಹೃದಯಕ್ಕೋ ಪಾರ್ಶ್ವವಾಯುವಿಗೋ ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ಕರುಳಿಗೆ ತೂತು ಬೀಳುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ, ಆದರೆ ಬಿದ್ದರೆ ಆಪರೇಷನ್ ಬೇಕಾಗಬಹುದು. ಪಿತ್ತ ಪೂರ್ತಿ ಹರಿದುಹೋಗದೆ ಉಳಿದರೆ ಸೋಂಕು ತಗುಲಿ ಚಳಿಜ್ವರ ಬರಬಹುದು.

ಇಷ್ಟನ್ನು ಓದಿ ಯಾರೂ ಇಆರ್‌ಸಿಪಿ ಬೇಡವೆಂದು ಹಿಂದೆ ಸರಿಯಬಾರದು. ಕಾಮಣಿಯೊಂದಿಗೆ ಜ್ವರವೂ ಬಂದಾಗ, ನಾಳದಲ್ಲಿ ಕಟ್ಟಿನಿಂತ ಪಿತ್ತವನ್ನು ಹೊರಹರಿಸದೆ ಬಿಡುವುದೇ ಹೆಚ್ಚು ಅಪಾಯ. ಕೇವಲ ರೋಗ ಪತ್ತೆಗಾಗಿ ಇಆರ್‌ಸಿಪಿ ಮಾಡುವುದಾದರೆ, ಒಳಗೆ ಏನನ್ನೂ ತೂರಿಸದ ಎಂಆರ್‌ಸಿಪಿ ಸ್ಕ್ಯಾನ್ ಸಾಕಾಗುವುದೇ ಎಂದು ಮೊದಲು ವಿಚಾರಿಸುವುದು ಒಳ್ಳೆಯದು.

ಅವ್ವನ ಪ್ಲಾಸ್ಟಿಕ್ ಸ್ಟೆಂಟ್ ಇನ್ನೂ ಒಳಗಿದೆ. ಅಂಥ ಸ್ಟೆಂಟನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಿಸಬೇಕು, ಮರೆತರೆ ಅದೇ ಕಟ್ಟಿಕೊಂಡು ಸೋಂಕಾಗಬಹುದು. ತೆಗೆಸುವ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿದ್ದೇನೆ. ಅವ್ವ ರೊಟ್ಟಿ ಬಡಿಯುವಾಗ ಎದುರಿಗೇ ಕಾಣುತ್ತದೆ.