ಅಡಿಕೆ ಧಾರಣೆಯ ಜಾಲತಾಣ ಮತ್ತು ಒಂದು ಸಂಬಳದ ಲೆಕ್ಕ

ಸಾಗರ ತಾಲೂಕಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಕೆಲವು ವರ್ಷಗಳಿಂದ ಅಡಿಕೆ ಬೆಳೆಗಾರರಿಗಾಗಿ ಕನ್ನಡದಲ್ಲಿ ಒಂದು ಜಾಲತಾಣ ನಡೆಸುತ್ತಿದ್ದಾನೆ. ಶಿವಮೊಗ್ಗ, ಸಾಗರ, ಶಿರಸಿ, ಯಲ್ಲಾಪುರ, ಚನ್ನಗಿರಿಯ ಮಾರುಕಟ್ಟೆಗಳಲ್ಲಿ ಆ ದಿನ ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ ಎಂಬ ಅಡಿಕೆಯ ಬಗೆಗಳು ಯಾವ ದರಕ್ಕೆ ಹೋದವು ಎಂಬುದನ್ನು ಸಂಜೆಯೊಳಗೆ ಹಾಕುವುದು ಅದರ ಮುಖ್ಯ ಕೆಲಸ. ಜೊತೆಗೆ ಕೊಳೆ ರೋಗ, ಎಲೆಚುಕ್ಕೆ ರೋಗ, ಹನಿ ನೀರಾವರಿ, ಸುಲಿಯುವ ಯಂತ್ರ, ಒಣಗಿಸುವ ಮನೆ ಮುಂತಾದ ವಿಷಯಗಳ ಮೇಲೆ ಬಿಡುವಾದಾಗ ಬರೆದ ಲೇಖನಗಳೂ ಇವೆ. ಕಳೆದ ದೀಪಾವಳಿಗೆ ನಾನು ಊರಿಗೆ ಹೋಗಿದ್ದಾಗ, ಜಾಹೀರಾತಿನಿಂದ ಈ ತಾಣ ತಿಂಗಳಿಗೆ ಎಷ್ಟು ದುಡಿಯಬಲ್ಲದು ಎಂದು ಲೆಕ್ಕ ಹಾಕಿಕೊಡುವಂತೆ ಕೇಳಿದ. ಬರಿಯ ಕುತೂಹಲದ ಪ್ರಶ್ನೆಯಾಗಿದ್ದರೆ ಊಟದ ಪಂಕ್ತಿಯಲ್ಲೇ ಒಂದು ಅಂದಾಜು ಹೇಳಿ ಮುಗಿಸಬಹುದಿತ್ತು. ಆದರೆ ಅವನು ಊರಿನ ಪದವೀಧರೆಯೊಬ್ಬಳನ್ನು ತಿಂಗಳಿಗೆ 15,000 ರೂಪಾಯಿ ಸಂಬಳಕ್ಕೆ ಸೇರಿಸಿಕೊಳ್ಳುವ ಮಾತಾಡಿದ್ದ. ಇನ್ನೊಬ್ಬರ ಮನೆಯ ಅನ್ನಕ್ಕೆ ಸಂಬಂಧಿಸಿದ ಲೆಕ್ಕವಾದ್ದರಿಂದ ಹಬ್ಬದ ಮರುದಿನ ಬೆಳಿಗ್ಗೆ ಇಬ್ಬರೂ ಲ್ಯಾಪ್‌ಟಾಪ್ ಇಟ್ಟುಕೊಂಡು ಜಗುಲಿಯಲ್ಲಿ ಕುಳಿತೆವು. ಬೆಂಗಳೂರಿನಲ್ಲಿ ನನ್ನ ಉದ್ಯೋಗವೂ ಜಾಲತಾಣಗಳ ಜಾಹೀರಾತಿಗೆ ಸಂಬಂಧಿಸಿದ್ದೇ.

ಅವನು ಆಗಲೇ ಒಂದು ಲೆಕ್ಕ ಮಾಡಿಟ್ಟಿದ್ದ. ತಾಣಗಳಿಗೆ ಜಾಹೀರಾತು ತುಂಬಿಕೊಡುವ ಗೂಗಲ್ ಆಡ್‌ಸೆನ್ಸ್‌ನವರದೇ ಒಂದು ಅಂದಾಜು ಯಂತ್ರವಿದೆ: ಓದುಗರು ಇರುವ ಭೂಭಾಗ, ತಾಣದ ವಿಷಯ, ತಿಂಗಳಿಗೆ ಎಷ್ಟು ಪುಟ ವೀಕ್ಷಣೆ ಎಂಬುದನ್ನು ಕೊಟ್ಟರೆ ವರ್ಷಕ್ಕೆ ಇಷ್ಟು ಡಾಲರ್ ಬರಬಹುದು ಎಂದು ಅದು ತೋರಿಸುತ್ತದೆ. ಅದು ಕೊಟ್ಟ ಮೊತ್ತವನ್ನು ರೂಪಾಯಿಗೆ ತಿರುಗಿಸಿ ಹನ್ನೆರಡರಿಂದ ಭಾಗಿಸಿದರೆ ಒಬ್ಬಳಿಗಲ್ಲ, ಇಬ್ಬರಿಗೆ ಸಂಬಳ ಕೊಟ್ಟು ಇನ್ನೂ ಮಿಗುತ್ತಿತ್ತು. ಯಂತ್ರ ಸುಳ್ಳು ಹೇಳುವುದಿಲ್ಲ, ಇದು ಖಾತರಿಯಲ್ಲ ಎಂಬ ಒಕ್ಕಣೆಯೂ ಅಲ್ಲೇ ಇರುತ್ತದೆ. ತೊಂದರೆ ಇರುವುದು ಭೂಭಾಗದ ಆಯ್ಕೆಯಲ್ಲಿ. ಭಾರತಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ, ಏಷ್ಯಾ ಪೆಸಿಫಿಕ್ ಎಂಬ ಒಂದೇ ಗುಂಪಿನೊಳಗೆ ಜಪಾನ್, ಆಸ್ಟ್ರೇಲಿಯಾ, ಸಿಂಗಪುರಗಳೂ ಸಾಗರ ತಾಲೂಕೂ ಸೇರಿಬಿಡುತ್ತವೆ. ಸಿಡ್ನಿಯ ಓದುಗನಿಗೆ ಒಂದು ಜಾಹೀರಾತು ತೋರಿಸಲು ಅಲ್ಲಿನ ಬ್ಯಾಂಕು ಕೊಡುವ ಬೆಲೆಗೂ ತೀರ್ಥಹಳ್ಳಿಯ ಓದುಗನಿಗೆ ಗೊಬ್ಬರದ ಕಂಪನಿ ಕೊಡುವ ಬೆಲೆಗೂ ನಡುವೆ ಇರುವ ಅಂತರ ಹತ್ತಿಪ್ಪತ್ತು ಶೇಕಡಾದ್ದಲ್ಲ, ಹಲವು ಪಟ್ಟಿನದು. ಆ ಸರಾಸರಿ ಇಬ್ಬರಿಗೂ ಹೊಂದುವುದಿಲ್ಲ.

ನಮ್ಮ ಕಡೆ ಮರದ ಮೇಲಿರುವ ಫಸಲನ್ನೇ ಚೇಣಿಗೆ, ಎಂದರೆ ಗುತ್ತಿಗೆಗೆ, ಕೊಡುವ ಪದ್ಧತಿಯಿದೆ. ಚೇಣಿದಾರ ತೋಟದ ಎಕರೆ ಎಷ್ಟೆಂದು ಕೇಳಿ ಬೆಲೆ ಹೇಳುವವನಲ್ಲ. ಸಾಲು ಸಾಲಾಗಿ ನಡೆದು, ತಲೆಯೆತ್ತಿ ಗೊನೆ ನೋಡಿ, ಎಳೆಯ ಮರಗಳನ್ನೂ ರೋಗ ಬಿದ್ದ ಮರಗಳನ್ನೂ ಬೇರೆಯಾಗಿ ಎಣಿಸಿ, ನಂತರ ಕ್ವಿಂಟಲ್ ಲೆಕ್ಕಕ್ಕೆ ಬರುತ್ತಾನೆ. ತಾಣವನ್ನೂ ಹಾಗೆಯೇ ನೋಡೋಣ ಎಂದೆ.

ಅವನ ನಿಜವಾದ ಅಂಕಿಗಳನ್ನು ಇಲ್ಲಿ ಬರೆಯುವುದು ಸರಿಯಲ್ಲವಾದ್ದರಿಂದ ದುಂಡಾಗಿಸಿ ಹೇಳುತ್ತೇನೆ. ತಿಂಗಳಿಗೆ ಸುಮಾರು 3 ಲಕ್ಷ ಪುಟ ವೀಕ್ಷಣೆಗಳು. ಅವುಗಳಲ್ಲಿ 2,40,000 ಧಾರಣೆಯ ಪುಟಗಳಿಗೆ, ಉಳಿದ 60,000 ಮಾತ್ರ ಲೇಖನಗಳಿಗೆ. ಧಾರಣೆ ನೋಡುವವರು ಟೆಂಡರು ಮುಗಿದ ಮೇಲೆ ಸಂಜೆ ಒಟ್ಟಿಗೆ ಬರುತ್ತಾರೆ, ತಮಗೆ ಬೇಕಾದ ಒಂದು ಸಾಲು ನೋಡಿ ಅರ್ಧ ನಿಮಿಷದೊಳಗೆ ಹೊರಟುಹೋಗುತ್ತಾರೆ, ಮತ್ತೆ ಹತ್ತು ನಿಮಿಷ ಬಿಟ್ಟು ಬಂದು ದರ ಬದಲಾಗಿದೆಯೇ ಎಂದು ನೋಡುತ್ತಾರೆ. ಭಾನುವಾರ ಮಾರುಕಟ್ಟೆಯಿಲ್ಲ, ಅಂದು ತಾಣವೂ ಮಲಗಿರುತ್ತದೆ. ಲೇಖನಗಳಿಗೆ ಬರುವವರು ಬೇರೆಯೇ ಜನ. ಅವರು ಗೂಗಲ್‌ನಲ್ಲಿ ಏನನ್ನೋ ಹುಡುಕಿ ಬಂದವರು, ಮೂರು ನಾಲ್ಕು ನಿಮಿಷ ನಿಲ್ಲುವವರು, ಬಹಳಷ್ಟು ಮಂದಿ ಏನನ್ನಾದರೂ ಕೊಳ್ಳುವ ಯೋಚನೆಯಲ್ಲಿರುವವರು.

ಜಾಹೀರಾತುದಾರನಿಗೆ ಈ ಎರಡು ಗುಂಪುಗಳು ಒಂದೇ ಅಲ್ಲ. ಜಾಹೀರಾತಿನ ಕನಿಷ್ಠ ಅರ್ಧ ಭಾಗ ಒಂದು ಸೆಕೆಂಡಾದರೂ ಪರದೆಯ ಮೇಲೆ ಇದ್ದರೆ ಮಾತ್ರ ಅದನ್ನು ಕಂಡ ಜಾಹೀರಾತೆಂದು ಎಣಿಸುವುದು ಈ ಉದ್ಯಮದ ವಾಡಿಕೆ. ಧಾರಣೆಯ ಪಟ್ಟಿಯ ಕೆಳಗೆ ಇಟ್ಟ ಜಾಹೀರಾತಿನವರೆಗೆ ಹೆಚ್ಚಿನ ಓದುಗರು ಇಳಿಯುವುದೇ ಇಲ್ಲ. ಹೀಗೆ ಕಾಣದೆ ಉಳಿದ ಜಾಗಗಳು, ಜಾಹೀರಾತಿನ ಜಾಗವನ್ನು ಮಾರುವ ಗೂಗಲ್‌ನ ಹರಾಜಿನ ವ್ಯವಸ್ಥೆಯ ದಾಖಲೆಗೆ ಸೇರುತ್ತಾ ಹೋಗುತ್ತವೆ, ಕ್ರಮೇಣ ಆ ಜಾಗಕ್ಕೆ ಬರುವ ಬೆಲೆಯೇ ಇಳಿಯುತ್ತದೆ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸುವ ವಿಧಾನದ ಲೇಖನದಲ್ಲಿ ಪರಿಸ್ಥಿತಿ ತಿರುಗಾಮುರುಗಾ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಪ್ರಮಾಣವನ್ನು ಓದುತ್ತಿರುವವನು ಮೈಲುತುತ್ತವನ್ನೂ ಸಿಂಪಡಣೆಯ ಪಂಪನ್ನೂ ಕೊಳ್ಳಲಿರುವವನೇ. ಮಾರುವವನಿಗೆ ಅವನು ಬೇಕು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕಾಯಿತು, ಏಕೆಂದರೆ ಈ ವಿಷಯದ ಬಹುಪಾಲು ಆಶಾಭಂಗಗಳು ಅಲ್ಲಿಂದಲೇ ಹುಟ್ಟುತ್ತವೆ. ಸಾವಿರ ಸಲ ಜಾಹೀರಾತು ತೋರಿಸಲು ಜಾಹೀರಾತುದಾರ ಕೊಡುವ ಹಣವನ್ನು ಸಿಪಿಎಂ ಎನ್ನುತ್ತಾರೆ. ಸಾವಿರ ಪುಟ ವೀಕ್ಷಣೆಗೆ ತಾಣದ ಒಡೆಯನ ಕೈಗೆ ಬರುವ ಹಣ ಪೇಜ್ ಆರ್‌ಪಿಎಂ. ಯಾರೋ ಹೇಳಿದ ಸಿಪಿಎಂ ಅನ್ನು ಹಿಡಿದು ತನ್ನ ಪುಟ ವೀಕ್ಷಣೆಗೆ ಗುಣಿಸಿಬಿಟ್ಟರೆ ಬರುವ ಮೊತ್ತಕ್ಕೆ ಅರ್ಥವಿಲ್ಲ. ನಡುವೆ ಮಧ್ಯವರ್ತಿಗಳ ಪಾಲು ಹೋಗುತ್ತದೆ, ಕೆಲವು ಜಾಗಗಳಿಗೆ ಜಾಹೀರಾತೇ ಸಿಗದೆ ಖಾಲಿ ಉಳಿಯುತ್ತದೆ, ಇನ್ನೊಂದೆಡೆ ಒಂದು ಪುಟದಲ್ಲಿ ಎರಡು ಮೂರು ಜಾಹೀರಾತುಗಳಿರುವುದರಿಂದ ಮೊತ್ತ ಹೆಚ್ಚುವುದೂ ಉಂಟು. ಪಾಲಿನ ವಿಚಾರದಲ್ಲಿ ಮಾತ್ರ ಅಸ್ಪಷ್ಟತೆಯಿಲ್ಲ. 2003ರಲ್ಲಿ ಆರಂಭವಾದ ಆಡ್‌ಸೆನ್ಸ್ ತನ್ನ ಹಂಚಿಕೆಯನ್ನು 2010ರಲ್ಲಿ ಬಹಿರಂಗಪಡಿಸಿ, ಬರಹದ ಪುಟಗಳ ಜಾಹೀರಾತಿನಲ್ಲಿ ಶೇಕಡಾ 68 ತಾಣದವರಿಗೆ ಎಂದಿತು. 2024ರಿಂದ ಅದೇ ಹಂಚಿಕೆಯನ್ನು ಎರಡು ಹಂತ ಮಾಡಿ, ಜಾಹೀರಾತು ಕೊಳ್ಳುವ ವೇದಿಕೆ ತನ್ನ ಶುಲ್ಕ ತೆಗೆದುಕೊಂಡ ಮೇಲೆ ಉಳಿದದ್ದರಲ್ಲಿ ಶೇಕಡಾ 80 ಎಂದು ಹೇಳತೊಡಗಿದರು. ಅಂಥ ಕೊಳ್ಳುವ ವೇದಿಕೆಯಾದ ಗೂಗಲ್ ಆಡ್ಸ್ ಸರಾಸರಿ ಶೇಕಡಾ 15 ಇಟ್ಟುಕೊಳ್ಳುವುದರಿಂದ ಆ ದಾರಿಯಲ್ಲಿ ಬಂದ ಹಣಕ್ಕೆ ಕೊನೆಗೆ ನಿಲ್ಲುವುದು ಮತ್ತೆ 68 ಕ್ಕೇ. ಅದೇ ಸಮಯಕ್ಕೆ ಕ್ಲಿಕ್ಕಿಗೆ ಹಣ ಕೊಡುವುದನ್ನು ಬಿಟ್ಟು ಜಾಹೀರಾತು ತೋರಿಸಿದ್ದಕ್ಕೆ ಹಣ ಕೊಡುವ ಕ್ರಮ ಬಂದಿತು. ಆದ್ದರಿಂದ ನೂರು ಜನರಲ್ಲಿ ಒಬ್ಬ ಕ್ಲಿಕ್ ಮಾಡಿದರೆ ಎಂದು ಆರಂಭವಾಗುವ ಹಳೆಯ ಸೂತ್ರಗಳು ಈಗ ಲೆಕ್ಕಕ್ಕೆ ಬಾರವು, ಅವುಗಳನ್ನು ಹೇಳಿಕೊಡುವ ವಿಡಿಯೊಗಳು ಮಾತ್ರ ಇನ್ನೂ ಓಡುತ್ತಲೇ ಇವೆ.

ಹಾಗಾದರೆ ದರವನ್ನು ಎಲ್ಲಿಂದ ತರುವುದು? ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಒಂದೇ ನಂಬಬಹುದಾದ ಮೂಲವಿದೆ, ಆ ತಾಣದ ಮೇಲೆಯೇ ಕೆಲವು ವಾರ ಜಾಹೀರಾತು ಓಡಿಸಿ ಬಂದ ಅಂಕಿ. ಅದೃಷ್ಟಕ್ಕೆ ಅವನು ನವರಾತ್ರಿಯಿಂದ ದೀಪಾವಳಿಯವರೆಗೆ ಪರೀಕ್ಷೆಗೆಂದು ಜಾಹೀರಾತು ಹಾಕಿದ್ದ, ಅಷ್ಟೇ ಅಲ್ಲದೆ ಧಾರಣೆಯ ಪುಟಗಳಿಗೂ ಲೇಖನಗಳಿಗೂ ಗಳಿಕೆಯನ್ನು ಬೇರೆ ಬೇರೆಯಾಗಿ ತೋರಿಸುವ ಪ್ರತ್ಯೇಕ ಯುಆರ್‌ಎಲ್ ಚಾನೆಲ್ ಮಾಡಿಟ್ಟಿದ್ದ. ವರದಿಯಲ್ಲಿ ಧಾರಣೆಯ ಪುಟಗಳಿಗೆ ಸಾವಿರ ವೀಕ್ಷಣೆಗೆ ಸುಮಾರು 28 ರೂಪಾಯಿ, ಲೇಖನಗಳಿಗೆ ಸುಮಾರು 110 ರೂಪಾಯಿ ಬಂದಿತ್ತು. ಲೇಖನಗಳ ದರ ಅಷ್ಟು ಮೇಲಿರಲು ಇನ್ನೊಂದು ಕಾರಣವೂ ದೇಶವಾರು ವರದಿಯಲ್ಲಿ ಕಂಡಿತು. ಅಮೆರಿಕದಲ್ಲೋ ಕೊಲ್ಲಿ ದೇಶಗಳಲ್ಲೋ ಕುಳಿತು ಊರಿನ ತೋಟದ ಚಿಂತೆ ಮಾಡುವ ಮಲೆನಾಡಿನ ಮಕ್ಕಳು ಎಣಿಕೆಯಲ್ಲಿ ಅತ್ಯಲ್ಪವಾದರೂ, ಅವರ ಪರದೆಯ ಮೇಲಿನ ಜಾಹೀರಾತಿಗೆ ಬರುವ ಬೆಲೆ ಇಲ್ಲಿನದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಈ ಎರಡು ದರಗಳನ್ನು ನಾನು ಮೇಲಿನ ಮಿತಿಯೆಂದು ಬರೆದುಕೊಂಡೆ, ಸರಾಸರಿಯೆಂದಲ್ಲ. ಅವನಿಗೆ ಇದು ಒಪ್ಪಿಗೆಯಾಗಲಿಲ್ಲ, ಕೈಗೆ ಬಂದ ಅಂಕಿಯನ್ನು ಯಾಕೆ ಕಡಿಮೆ ಮಾಡುತ್ತೀಯ ಎಂದು ಸ್ವಲ್ಪ ಹೊತ್ತು ವಾದಿಸಿದ. ಆದರೆ ಭಾರತದಲ್ಲಿ ಜಾಹೀರಾತುದಾರರು ಕೈ ಬಿಚ್ಚಿ ಖರ್ಚು ಮಾಡುವುದು ದಸರಾ ದೀಪಾವಳಿಯ ಆ ವಾರಗಳಲ್ಲೇ. ಡಿಸೆಂಬರ್ ಮುಗಿದು ಜನವರಿ ಬರುತ್ತಿದ್ದಂತೆ ಹೊಸ ವರ್ಷದ ಬಜೆಟ್ಟುಗಳು ಇನ್ನೂ ತೆರೆಯದ ಕಾರಣ ದರಗಳು ಬಹುತೇಕ ಎಲ್ಲೆಡೆ ಕುಸಿಯುತ್ತವೆ. ಅದೇ ಜನವರಿಯಲ್ಲಿ ಅಡಿಕೆಯ ಕೊಯ್ಲು, ಒಣಗಿಸುವಿಕೆ, ಮಾರಾಟಗಳ ಭರಾಟೆಯಿಂದ ತಾಣಕ್ಕೆ ಜನ ಹೆಚ್ಚಬಹುದು, ಆದರೆ ಹಾಗೆ ಹೆಚ್ಚುವುದು ಧಾರಣೆಯ ಪುಟಗಳೇ, ಕಡಿಮೆ ದರದವು. ಲೇಖನಗಳಿಗೆ ಸುಗ್ಗಿಯೆಂದರೆ ಜೂನ್, ಜುಲೈ, ಔಷಧಿ ಹೊಡೆಯುವ ಕಾಲ. ಹೀಗೆ ಜನ ಬರುವ ತಿಂಗಳಿಗೂ ಹಣ ಬರುವ ತಿಂಗಳಿಗೂ ತಾಳೆಯಾಗದಿರುವುದು ಕೃಷಿಯ ತಾಣಗಳ ವಿಶೇಷ, ಸಾಮಾನ್ಯ ಸೂತ್ರಗಳಲ್ಲಿ ಇದು ಕಾಣುವುದಿಲ್ಲ.

ಕೆಳಗಿನ ಮಿತಿಯಾಗಿ ಧಾರಣೆಗೆ 12 ರೂಪಾಯಿ, ಲೇಖನಕ್ಕೆ 60 ರೂಪಾಯಿ ಇಟ್ಟೆವು. ಅದರ ಪ್ರಕಾರ ಧಾರಣೆಯ ಪುಟಗಳಿಂದ 2,880, ಲೇಖನಗಳಿಂದ 3,600, ಒಟ್ಟು 6,480 ರೂಪಾಯಿ. ಮೇಲಿನ ಮಿತಿಯಲ್ಲಿ 6,720 ಮತ್ತು 6,600 ಸೇರಿ 13,320. ಅಂಕಿಗಳನ್ನು ಕಾಗದದ ಮೇಲೆ ಅಕ್ಕಪಕ್ಕ ಬರೆದಾಗ ಅವನು ಬಹಳ ಹೊತ್ತು ನೋಡಿದ್ದು ಮೊತ್ತವನ್ನಲ್ಲ. ಪ್ರತಿ ಸಂಜೆ ಮಾರುಕಟ್ಟೆಗೆ ಫೋನು ಮಾಡಿ, ಹಬ್ಬ ಹುಣ್ಣಿಮೆಯೆನ್ನದೆ ತುಂಬುವ ಪುಟಗಳೂ, ವರ್ಷಕ್ಕೊಮ್ಮೆ ತಿದ್ದಿದರೆ ಸಾಕಾಗುವ ಲೇಖನಗಳೂ ಸರಿಸುಮಾರು ಸಮನಾಗಿ ದುಡಿಯುತ್ತವೆ ಎಂಬುದು ಅವನಿಗೆ ಹೊಸ ಸುದ್ದಿ. ಧಾರಣೆಯನ್ನೇ ಬಿಟ್ಟುಬಿಟ್ಟರೆ ಹೇಗೆ ಎಂದೂ ಕೇಳಿದ. ಅದು ಆಗದ ಮಾತು, ಏಕೆಂದರೆ ಧಾರಣೆ ನೋಡಲು ದಿನವೂ ಬರುವ ಅಭ್ಯಾಸದಿಂದಲೇ ಜನರಿಗೆ ತಾಣದ ಹೆಸರು ಬಾಯಿಗೆ ಬಂದಿದೆ.

ಇದಾದ ಮೇಲೆ ಕಡಿತಗಳು. ನಿಜವಾದ ಆಸಕ್ತಿಯಿಲ್ಲದ ಅಮಾನ್ಯ ಕ್ಲಿಕ್ಕು, ವೀಕ್ಷಣೆಗಳೆಂದು ಗೂಗಲ್ ತಿಂಗಳ ಕೊನೆಗೆ ಸ್ವಲ್ಪ ಕಳೆಯುವುದುಂಟು, ಅಂದಾಜು ಗಳಿಕೆ ಮತ್ತು ಅಂತಿಮ ಗಳಿಕೆ ಎಂಬ ಎರಡು ಅಂಕಿಗಳಿರುವುದು ಅದಕ್ಕಾಗಿಯೇ. ಈ ಮಾತು ಕಿವಿಗೆ ಬಿದ್ದ ನಮ್ಮ ಅತ್ತೆ, ಮನೆಯವರೆಲ್ಲ ಸೇರಿ ದಿನಕ್ಕೆ ನಾಲ್ಕು ನಾಲ್ಕು ಸಲ ಒತ್ತುತ್ತೇವೆ ಬಿಡು ಎಂದು ಭರವಸೆ ಕೊಟ್ಟರು. ಖಾತೆಯೇ ಮುಚ್ಚಿಹೋಗುತ್ತದೆ ಎಂದು ವಿವರಿಸಿ ಅವರನ್ನು ತಡೆಯಬೇಕಾಯಿತು, ಅವರಿಗೆ ಅದು ಪೂರ್ತಿ ಮನವರಿಕೆಯಾದಂತೆ ಕಾಣಲಿಲ್ಲ. ಜಾಹೀರಾತು ತಡೆಯುವ ತಂತ್ರಾಂಶಗಳ ಚಿಂತೆ ನಮಗೆ ಅಷ್ಟಾಗಿ ಬೇಕಿರಲಿಲ್ಲ, ಓದುಗರು ಬಹುತೇಕ ಮೊಬೈಲಿನವರು.

ಅದಕ್ಕಿಂತ ಗಂಭೀರವಾದದ್ದು ಹಣ ಕೈ ಸೇರುವ ಕ್ರಮ. ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಚಿತಪಡಿಸಲು ಪಿನ್ ಸಂಖ್ಯೆಯ ಕಾಗದ ಅಂಚೆಯಲ್ಲಿ ಬರಬೇಕು, ಮಳೆಗಾಲದಲ್ಲಿ ಪತ್ರಿಕೆಯೇ ಮೂರು ದಿನ ತಡವಾಗಿ ಬರುವ ಊರು ಅದು. ನಂತರವೂ 100 ಡಾಲರ್ ತುಂಬುವವರೆಗೆ ಪಾವತಿಯಿಲ್ಲ, ತುಂಬಿದರೆ ಮರುತಿಂಗಳ 21ರಿಂದ 26ರ ನಡುವೆ ಕಳುಹಿಸುತ್ತಾರೆ. ಈಗಿನ ವಿನಿಮಯದಲ್ಲಿ 100 ಡಾಲರ್ ಎಂದರೆ ಎಂಟು ಸಾವಿರಕ್ಕಿಂತ ಹೆಚ್ಚು, ನಮ್ಮ ಕೆಳಗಿನ ಮಿತಿಯೋ ಆರೂವರೆ ಸಾವಿರ. ಎಂದರೆ ದುರ್ಬಲ ತಿಂಗಳುಗಳಲ್ಲಿ ಏನೂ ಬಾರದೆ, ಮುಂದಿನ ತಿಂಗಳಿಗೆ ಸೇರಿಕೊಂಡು ಬರುತ್ತದೆ. ಸಂಬಳ ಹಾಗೆ ಮುಂದಕ್ಕೆ ಹೋಗುವುದಿಲ್ಲ. ತಿಂಗಳ ಸರಾಸರಿ ಹತ್ತು ಸಾವಿರ ಎಂದು ತೋರುವ ಆದಾಯದ ಮೇಲೆ ಹತ್ತು ಸಾವಿರದ ಮಾಸಿಕ ಹೊಣೆ ಹೊರುವುದು ವಿವೇಕವಲ್ಲ, ಹೊಣೆಯನ್ನು ಕೆಳಗಿನ ಮಿತಿಯ ಮೇಲೆ ನಿಲ್ಲಿಸಬೇಕು ಎಂದು ನಾನು ಹೇಳಿದೆ. ಪೂರ್ಣಾವಧಿಯ ನೇಮಕದ ಮಾತು ಅಲ್ಲಿಗೆ ನಿಂತಿತು. ಸಂಜೆ ಎರಡು ಗಂಟೆಗಳ ಕಾಲ ಧಾರಣೆ ತುಂಬುವ ಕೆಲಸಕ್ಕೆ ಆ ಹುಡುಗಿ 5,000 ರೂಪಾಯಿಗೆ ಒಪ್ಪಿಕೊಂಡಳು. ಮೊದಲ ಮೂರು ತಿಂಗಳದನ್ನು ಅವನು ತನ್ನ ಕೈಯಿಂದ ತೆಗೆದಿಟ್ಟ.

ಮಧ್ಯಾಹ್ನದ ಮೇಲೆ ನಾವು ಬೇರೊಂದು ದಿಕ್ಕಿನಿಂದ ಲೆಕ್ಕ ತೆಗೆದೆವು. ಸಾಗರ, ಸೊರಬ, ಸಿದ್ದಾಪುರದ ಸುತ್ತ ನರ್ಸರಿಯವರು, ಸುಲಿಯುವ ಯಂತ್ರ ಮಾರುವವರು, ದೋಟಿ (ಗೊನೆ ಕೊಯ್ಯುವ ಉದ್ದ ಕೋಲು) ಮತ್ತು ಪಂಪಿನ ಅಂಗಡಿಯವರು ಅನೇಕರಿದ್ದಾರೆ. ಅವರು ಗೂಗಲ್‌ನ ಹರಾಜಿಗೆ ಬರುವವರಲ್ಲ, ಗೋಡೆಬರಹಕ್ಕೂ ಕರಪತ್ರಕ್ಕೂ ಖರ್ಚು ಮಾಡುವವರು. ಅವರಲ್ಲೊಬ್ಬರು ಧಾರಣೆಯ ಪುಟದ ತಲೆಯ ಮೇಲಿನ ಜಾಗಕ್ಕೆ ತಿಂಗಳಿಗೆ 2,500 ರೂಪಾಯಿ ಕೊಟ್ಟರೂ, ಸಾವಿರಕ್ಕೆ 20 ರೂಪಾಯಿಯ ನಡುವಿನ ದರದಲ್ಲಿ ಅದು 1,25,000 ವೀಕ್ಷಣೆಗಳ ಆಡ್‌ಸೆನ್ಸ್ ಗಳಿಕೆಗೆ ಸಮ. ಆ ಪುಟ ನೋಡುವವರೆಲ್ಲ ಅಡಿಕೆ ಬೆಳೆಯುವವರು ಅಥವಾ ಕೊಳ್ಳುವವರೇ ಎಂಬುದು ಹರಾಜಿನ ವ್ಯವಸ್ಥೆಗೆ ಪೂರ್ತಿ ಅರಿವಾಗುವುದಿಲ್ಲ, ಯಂತ್ರದ ಅಂಗಡಿಯವನಿಗೆ ಹೇಳದೆಯೇ ಗೊತ್ತಿರುತ್ತದೆ. ಹರಾಜಿನಲ್ಲಿ ಅಗ್ಗವಾಗಿ ಹೋಗುವ ಪುಟ ಸ್ಥಳೀಯ ವ್ಯಾಪಾರಿಗೆ ಬೆಲೆಬಾಳುವ ಜಾಗವಾಗುವುದು ಹೀಗೆ. ಕನ್ನಡದ ಸಣ್ಣ ತಾಣಗಳ ಆದಾಯವನ್ನು ಅಂದಾಜು ಮಾಡುವವರು ಈ ಭಾಗವನ್ನು ಬಿಟ್ಟೇಬಿಡುತ್ತಾರೆ, ಬಹುಶಃ ಅದಕ್ಕೆ ಯಾವ ಯಂತ್ರವೂ ಸಿದ್ಧ ಉತ್ತರ ಕೊಡದಿರುವುದರಿಂದ.

ಅದರಲ್ಲೂ ತೊಡಕುಗಳಿವೆ. ವ್ಯಾಪಾರಿಯ ಬಳಿಗೆ ಯಾರಾದರೂ ಹೋಗಬೇಕು, ಹಣ ವಸೂಲು ಮಾಡಬೇಕು, ಒಬ್ಬ ಯಂತ್ರದವನ ಜಾಹೀರಾತು ಹಾಕಿದ ಮೇಲೆ ಇನ್ನೊಬ್ಬ ಯಂತ್ರದವನ ಮುನಿಸು ತಾಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಖರೀದಿ ವ್ಯಾಪಾರಿಗಳಿಂದ ಜಾಹೀರಾತು ತೆಗೆದುಕೊಂಡರೆ ಧಾರಣೆಯ ಮೇಲಿನ ನಂಬಿಕೆಗೇ ಪೆಟ್ಟು ಬೀಳುತ್ತದೆ. ಅಡಿಕೆ ಕೊಳ್ಳುವವರ ಹಣ ಬೇಡ, ಅಡಿಕೆ ಬೆಳೆಗಾರರಿಗೆ ಸಾಮಾನು ಮಾರುವವರ ಹಣ ಮಾತ್ರ ಸಾಕು ಎಂದು ಅವನೇ ತೀರ್ಮಾನಿಸಿದ. ಅಂದು ಸಂಜೆ ದೋಟಿ ಮಾರುವ ಒಬ್ಬರ ಹೆಸರಿಗೆ ಮೊದಲ ದರಪಟ್ಟಿಯನ್ನು ಕನ್ನಡದಲ್ಲಿಯೇ ಟೈಪು ಮಾಡಿದೆವು: ಮೂರು ತಿಂಗಳಿಗೆ 7,000 ರೂಪಾಯಿ, ಮುಂಗಡ.