ಹದಿನೇಳನೆಯ ಕಂತು

ಕರಡು ತಿದ್ದುವುದು ನನ್ನ ವೃತ್ತಿ. ಬೇರೆಯವರ ಪುಸ್ತಕಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳನ್ನು, ಅದಲುಬದಲಾದ ಶ, ಷ, ಸಗಳನ್ನು, ಬಿಟ್ಟುಹೋದ ಒತ್ತುಗಳನ್ನು ಹುಡುಕುತ್ತ ಬೆಂಗಳೂರಿನಲ್ಲಿ 14 ವರ್ಷ ಕಳೆದಿದ್ದೇನೆ. ಹಳೆಯ ಫಾಂಟಿನಲ್ಲಿ ಕಂಪೋಸ್ ಆದ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು ತನ್ನ ಜಾಗ ಬಿಟ್ಟು ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ, ದೀರ್ಘ ಕಳಚಿಬಿದ್ದು ಕೋಟೆಯು 'ಕೊಟೆ'ಯಾಗಿರುತ್ತದೆ. ಇಂಥವನ್ನು ಹಿಡಿಯಬೇಕಾದರೆ ಕಣ್ಣು ಅಕ್ಷರದ ಮೇಲೆಯೇ ನಿಲ್ಲಬೇಕು. ಅರ್ಥದ ಸೆಳೆತಕ್ಕೆ ಸಿಕ್ಕಿದ ಮರುಗಳಿಗೆಯಲ್ಲಿ ತಪ್ಪು ನುಣುಚಿಕೊಳ್ಳುತ್ತದೆ. ನನಗೆ ಈ ಕೆಲಸ ಕಲಿಸಿದ ಹಿರಿಯರು, ಕಥೆ ಅಡ್ಡ ಬರಬಾರದೆಂದು, ಕೊನೆಯ ಕರಡನ್ನು ಪುಟದ ಕೆಳಸಾಲಿನಿಂದ ಮೇಲಕ್ಕೆ ಓದುತ್ತಿದ್ದರು.

ನಾನೂ ಅದನ್ನು ಕಲಿತೆ. ಆದರೆ ಸಂಜೆ ಮನೆಗೆ ಬಂದು ಕಾದಂಬರಿಯೊಂದನ್ನು ಕೈಗೆತ್ತಿಕೊಂಡರೆ ಅಲ್ಲಿಯೂ ಅದೇ ಕಣ್ಣು ಕೆಲಸ ಮಾಡತೊಡಗಿತು. ನಾಯಕಿ ತಾಯಿಯ ಶವದ ಮುಂದೆ ಕುಳಿತಿರುವ ಪುಟದಲ್ಲಿ ನನಗೆ ಕಾಣುತ್ತಿದ್ದದ್ದು ಎರಡು ಪದಗಳ ನಡುವೆ ಹೆಚ್ಚಾಗಿ ಬಿದ್ದ ಒಂದು ಖಾಲಿ ಜಾಗ. ಓದು ಬಿಟ್ಟುಹೋದವರೆಲ್ಲ ಈಗ ಮೊಬೈಲನ್ನು ದೂರುತ್ತಾರೆ. ನನ್ನ ಮಟ್ಟಿಗೆ ಅದು ಆಮೇಲೆ ಬಂದು ಖಾಲಿ ಬಿದ್ದಿದ್ದ ಜಾಗದಲ್ಲಿ ಕುಳಿತದ್ದಷ್ಟೆ. ಒಂದು ವರ್ಷ, ವಾರಕ್ಕೊಂದರಂತೆ 52 ಪುಸ್ತಕ ಓದುವ ಪಣ ತೊಟ್ಟು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದೆ. ಏಪ್ರಿಲ್ ಹೊತ್ತಿಗೆ ತೆಳ್ಳನೆಯ ಪುಸ್ತಕಗಳನ್ನೇ ಆರಿಸುತ್ತಿದ್ದೇನೆಂಬುದು ಗಮನಕ್ಕೆ ಬಂದು, ನಾಚಿಕೆಯಾಗಿ ಅದನ್ನೂ ಕೈಬಿಟ್ಟೆ.

ಕಳೆದ ಯುಗಾದಿಗೆ ಮುಂಚೆ ತಿಪಟೂರಿನ ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ಅಟ್ಟ ಖಾಲಿ ಮಾಡುತ್ತಿದ್ದಾಗ ಒಂದು ತಗಡಿನ ಟ್ರಂಕು ಕೆಳಗಿಳಿಯಿತು. ಒಳಗೆ ನುಸಿಗುಳಿಗೆಯ ವಾಸನೆ, ಪುಸ್ತಕ ವಿಭಾಗಕ್ಕಾಗಿಯೇ ಎತ್ತಿಟ್ಟಿದ್ದ ಕೆಲವು 'ಕಸ್ತೂರಿ' ಸಂಚಿಕೆಗಳು, ಅವುಗಳ ಅಡಿಯಲ್ಲಿ ಅಮ್ಮ ಹೊಲಿದಿಟ್ಟ ಧಾರಾವಾಹಿಗಳು. ಆ ಕಾಲದ ಎಷ್ಟೋ ಮನೆಗಳಲ್ಲಿ ಈ ಕಸುಬು ನಡೆಯುತ್ತಿತ್ತು: ವಾರಪತ್ರಿಕೆ ಬಂದ ಕೂಡಲೇ ಎಲ್ಲರೂ ಕಿತ್ತಾಡಿಕೊಂಡು ಓದಿ ಮುಗಿಸಿದ ಮೇಲೆ, ಕಾದಂಬರಿಯ ಪುಟಗಳನ್ನು ಜೋಪಾನವಾಗಿ ಬಿಡಿಸಿ, ಕಂತುಗಳೆಲ್ಲ ಸೇರಿದಾಗ ದಬ್ಬಣದಿಂದ ತೂತು ಮಾಡಿ ದಪ್ಪ ದಾರದಲ್ಲಿ ಹೊಲಿದು ರಟ್ಟು ಹಾಕುವುದು. 1965ರಲ್ಲಿ ಆರಂಭವಾದ 'ಸುಧಾ' ಅಮ್ಮನ ತವರಿಗೂ, ಮದುವೆಯಾದ ಮೇಲೆ ಈ ಮನೆಗೂ ತಪ್ಪದೆ ಬರುತ್ತಿತ್ತು. ರಟ್ಟಿನ ಬದಲು ಅಮ್ಮ ಸೀರೆ ಅಂಗಡಿಯ ಪೆಟ್ಟಿಗೆಯನ್ನು ಕತ್ತರಿಸಿ ಬಳಸಿದ್ದಾರೆ. ಬೆನ್ನಿಗೆ ಅಂಟಿಸಿದ ಹಳೆಯ ರವಿಕೆಯ ಹಸಿರು ಬಟ್ಟೆಯಲ್ಲಿ ಜರಿಯ ಎಳೆ ಇನ್ನೂ ಮಿಂಚುತ್ತದೆ.

ಮೇಲೆ ಸಿಕ್ಕಿದ ಒಂದನ್ನು ಹಿಡಿದು ಜಗಲಿಯ ಮೇಲೆ ಕುಳಿತೆ. ಕಾದಂಬರಿಯ ಹೆಸರು ಇಲ್ಲಿ ಬೇಡ, ಇಂದು ಯಾರೂ ಅದನ್ನು ನೆನೆಯುವುದಿಲ್ಲ, ನೆನೆಯಬೇಕಾದಷ್ಟು ದೊಡ್ಡದೂ ಅಲ್ಲ. ಮೊದಲ ಪುಟದಲ್ಲೇ ಅಚ್ಚುಮೊಳೆಯೊಂದು ತಲೆಕೆಳಗಾಗಿ ಕುಳಿತಿದ್ದದ್ದು ಕಣ್ಣಿಗೆ ಬಿತ್ತು, ಅಭ್ಯಾಸಬಲದಿಂದ ಕೈ ಪೆನ್ಸಿಲು ತಡಕಿತು. ಪೆನ್ಸಿಲು ಬೆಂಗಳೂರಿನಲ್ಲಿತ್ತು. ಕಂತು ಮುಗಿದ ಕಡೆ ಅರ್ಧ ತುಂಬಿದ ಪದಬಂಧ, ಅದರ ಹಿಂದೆ ಹುರುಳಿಕಾಳಿನ ಬಸ್ಸಾರು ಮಾಡುವ ವಿಧಾನ, ಅದಕ್ಕೆ ಅಮ್ಮ ಸೀಸದಕಡ್ಡಿಯಲ್ಲಿ ಬರೆದ 'ಹುಣಸೆ ಜಾಸ್ತಿ' ಎಂಬ ಷರಾ. ಮರುಪುಟದಲ್ಲಿ ನಾಯಕಿ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬದಲಿಸಬೇಕಿತ್ತು, ಬದಲಿಸುವಳೋ ಇಲ್ಲವೋ ತಿಳಿಯಬೇಕಿತ್ತು. ಬಣ್ಣದವರು ಊಟಕ್ಕೆ ಹೋದದ್ದು, ಬಂದದ್ದು, ಸಂಜೆ ಏಣಿ ಮಡಚಿ ಹೊರಟದ್ದು ನನಗೆ ತಿಳಿಯಲಿಲ್ಲ. ಮೊದಲ ಪುಟದ ಆ ಮೊಳೆಯ ನಂತರ ಒಂದು ತಪ್ಪನ್ನೂ ನೋಡಿರಲಿಲ್ಲವೆಂಬುದು ಹೊಳೆದದ್ದು ಹದಿನಾರನೆಯ ಕಂತು ಮುಗಿದಾಗ. ಅದೂ ಮುಂದಿನ ಪುಟದಲ್ಲಿ ಹದಿನೆಂಟು ಎಂದಿದ್ದುದರಿಂದ.

ಹದಿನಾರರ ಕೊನೆಯಲ್ಲಿ ನಾಯಕಿ ಗಂಡನ ಕೋಟಿನ ಜೇಬಿನಿಂದ ಒಂದು ಪತ್ರ ತೆಗೆಯುತ್ತಾಳೆ. ಹದಿನೆಂಟರಲ್ಲಿ ಅವಳು ತವರಿನಲ್ಲಿದ್ದಾಳೆ, ಪತ್ರದ ಮಾತೇ ಇಲ್ಲ. ಅಡುಗೆಮನೆಗೆ ಎದ್ದು ಹೋಗಿ ನಡುವಿನ ಪುಟಗಳೆಲ್ಲಿ ಎಂದು ಕೇಳಿದೆ.

"ಆ ವಾರ ನಿಮ್ಮಕ್ಕ ಹುಟ್ಟಿದಳು ಕಣೇ. ನಾನು ಆಸ್ಪತ್ರೇಲಿದ್ದೆ. ನಿಮ್ಮಪ್ಪ ಪತ್ರಿಕೇನ ಬಸ್‌ಸ್ಟ್ಯಾಂಡಲ್ಲೇ ಬಿಟ್ಟು ಬಂದಿದ್ರು."

"ಮತ್ತೆ ಕಥೆ?"

"ಕಥೆಗೇನು, ನಾನೇ ಅಂದ್ಕೊಂಡೆ. ಪತ್ರ ಅವನ ತಂಗಿದು. ದುಡ್ಡು ಕೇಳಿ ಬರೆದಿರ್ತಾಳೆ."

ಅಕ್ಕನಿಗೆ ಈಗ 47. ಇಷ್ಟು ಕಾಲ ಆ ಕಂತನ್ನು ಅಮ್ಮ ತನ್ನದೇ ಆಗಿ ಇಟ್ಟುಕೊಂಡಿದ್ದಾರೆ. ಆ ಪತ್ರ ಇನ್ನೊಬ್ಬ ಹೆಂಗಸಿನದೆಂದು ನಾನು ವಾದಿಸಿದೆ, ಇಲ್ಲದಿದ್ದರೆ ಇವಳು ತವರಿಗೇಕೆ ಹೋಗುತ್ತಿದ್ದಳು? ಅತ್ತೆ ಮನೆಯಲ್ಲಿ ಇರುವವರಿಗೆ ತವರಿಗೆ ಹೋಗಲು ಅಷ್ಟೊಂದು ಕಾರಣ ಬೇಕಿಲ್ಲವೆಂದು ಅಮ್ಮ ಒಗ್ಗರಣೆಗೆ ಸಾಸಿವೆ ಹಾಕಿದರು.

ಬೆಂಗಳೂರಿಗೆ ಮರಳುವಾಗ ಇನ್ನೆರಡು ಕಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಅವು ಮುಗಿದು, ಈಗ ಅಂಗಡಿಯಿಂದ ತಂದ ದಪ್ಪನೆಯ ಕಾದಂಬರಿಯೊಂದು ಮೂರು ವಾರಗಳಿಂದ ದಿಂಬಿನ ಪಕ್ಕದಲ್ಲಿದೆ. ಕೆಲವು ರಾತ್ರಿ ಎರಡೇ ಪುಟ ಸಾಗುತ್ತದೆ, ಒಮ್ಮೆ ಎರಡು ಗಂಟೆಯವರೆಗೆ ಎದ್ದಿದ್ದೆ. ಕಣ್ಣು ಪೂರ್ತಿ ಗುಣವಾಗಿಲ್ಲ, ನಿನ್ನೆ ಒಂದು 'ಊದುಬತ್ತಿ'ಯ ದೀರ್ಘ ಕಾಣದೆ ಕೈ ತುರಿಸಿತು. ಆ ಹಳೆಯ ಸಂಚಿಕೆಯನ್ನು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಹುಡುಕಿ ನೋಡೋಣವೆಂದು ಫೋನಿನಲ್ಲಿ ಹೇಳಿದ್ದಕ್ಕೆ ಅಮ್ಮ, "ಹುಡುಕು, ತಂಗೀದೇ ಇರುತ್ತೆ" ಎಂದರು.